ಮಳೆಗಾಲದ ಶಾಲೆಯಲ್ಲಿ ಆರು ಕಂಪ್ಯೂಟರ್: ಒಬ್ಬ ಟೀಚರ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತೇನೆ. 8ರಿಂದ 10ನೇ ತರಗತಿವರೆಗೆ 84 ಮಕ್ಕಳಿದ್ದಾರೆ. ಹಳೇ ವಿದ್ಯಾರ್ಥಿಗಳು ಸೇರಿ ಪ್ರೊಜೆಕ್ಟರ್ ಕೊಡಿಸಿದ್ದಾರೆ. 10 ಕಂಪ್ಯೂಟರ್‌ಗಳಲ್ಲಿ 6 ಮಾತ್ರ ಆನ್ ಆಗುತ್ತವೆ. ಮಳೆಗಾಲದಲ್ಲಿ ಕರೆಂಟ್ ನೆಚ್ಚುವ ಹಾಗಿಲ್ಲ, ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ ಮಾತ್ರ. ವಾರಕ್ಕೆ ಮೂರು ಸ್ಮಾರ್ಟ್ ಕ್ಲಾಸ್ ಮಾಡಿ ಫೋಟೋ ಹಾಕಿ ಎಂದು ಮೇಲಿನವರು ಅನ್ನುತ್ತಾರೆ. ವಿಡಿಯೋ ಹಾಕಿದರೆ ಮಕ್ಕಳು ಖುಷಿಯಿಂದ ನೋಡಿ "ಅರ್ಥ ಆಯ್ತು ಟೀಚರ್" ಅನ್ನುತ್ತಾರೆ. ಮರುದಿನ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ತಂತ್ರಜ್ಞಾನವನ್ನು ಪಾಠದೊಳಗೆ ಸರಿಯಾಗಿ ತರುವುದು ಹೇಗೆ? ಅಥವಾ ನಮ್ಮಂಥ ಶಾಲೆಗೆ ಸೀಮೆಸುಣ್ಣವೇ ಸಾಕೇ?

ಉತ್ತರ: ಟೀಚರ್, ಫೋಟೋ ಹಾಕಿ ಸುಮ್ಮನಾಗಬಹುದಿತ್ತು, ನೀವು ಆಗಲಿಲ್ಲ. ಮರುದಿನ ಮಕ್ಕಳನ್ನು ಕೇಳಿ ನೋಡಿದಿರಿ. ಅದಕ್ಕೇ ನಿಮಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಕೊಡಗಿನ ಶಾಲೆಗಳಲ್ಲಿ ಗಣಿತ ಕಲಿಸಿ, ಆಮೇಲೆ ಶಿಕ್ಷಕರ ತರಬೇತಿಗಳಲ್ಲಿ ವರ್ಷಗಟ್ಟಲೆ ಓಡಾಡಿದವನು ನಾನು. ನೀವು ಬರೆದ ತಪ್ಪನ್ನು ನಾನೂ ಮಾಡಿದ್ದೇನೆ.

ಒಂದು ಜುಲೈನಲ್ಲಿ ಮುಂಗಾರಿನ ಪಾಠಕ್ಕೆಂದು ಒಳ್ಳೆಯ ವಿಡಿಯೋ ಹುಡುಕಿ, ಕಿಟಕಿಗೆ ಕಂಬಳಿ ಕಟ್ಟಿ, ಮಕ್ಕಳನ್ನು ಕೂರಿಸಿದ್ದೆ. ಅಷ್ಟರಲ್ಲಿ ಹೊರಗೆ ಮಳೆ ಹಿಡಿಯಿತು. ಶೀಟಿನ ಮಾಡಿನ ಮೇಲೆ ಬೀಳುವ ಸದ್ದಿಗೆ ಸ್ಪೀಕರಿನ ಒಂದು ಮಾತೂ ಕೇಳಲಿಲ್ಲ. ಅರಬ್ಬೀ ಸಮುದ್ರದಿಂದ ಹೊರಟ ಬಾಣದ ಗುರುತುಗಳು ಪರದೆಯ ಮೇಲೆ ಓಡಾಡಿದವು, ಮಕ್ಕಳು ನೋಡುತ್ತ ಕುಳಿತರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ ಕಂಬಳಿಯ ಅಂಚು ಸರಿಸಿ ಹೊರಗೆ ನೋಡುತ್ತಿದ್ದಳು. ನಿಜವಾದ ಪಾಠ ಆ ದಿನ ಅವಳ ಕಿಟಕಿಯಲ್ಲಿತ್ತು. ನಾನು ಅವಳನ್ನು ಗದರಿ ಪರದೆಯ ಕಡೆ ತಿರುಗಿಸಿದೆ. ಇಂದಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಅಂದಿನಿಂದ ಯಾವ ಪಾಠಕ್ಕೆ ಯಂತ್ರ ತರುವ ಮೊದಲೂ ನಾನು ಒಂದನ್ನು ಬರೆದುಕೊಳ್ಳುತ್ತೇನೆ: ಈ ಪಾಠದಲ್ಲಿ ಮಗು ತಡವರಿಸುವುದು ಎಲ್ಲಿ? ಆ ಜಾಗದಲ್ಲಿ ಮಗು ತಾನೇ ಊಹಿಸಲು, ಅಳೆಯಲು, ಬದಲಿಸಿ ನೋಡಲು, ತಪ್ಪಿ ತಿದ್ದಿಕೊಳ್ಳಲು ಕಂಪ್ಯೂಟರ್ ನೆರವಾಗುತ್ತದೆಂದರೆ ತನ್ನಿ. ಬರೀ ತೋರಿಸುವುದಕ್ಕಾದರೆ ನಿಮ್ಮ ಬೋರ್ಡು, ನಿಮ್ಮ ಮಾತು ಅದಕ್ಕಿಂತ ಮೇಲು. ನೋಡುವಾಗ "ಅರ್ಥ ಆಯ್ತು" ಅನ್ನಿಸುವುದು ಸುಳ್ಳಲ್ಲ, ವಿಡಿಯೋ ಅಷ್ಟು ಸರಾಗವಾಗಿ ಹರಿಯುತ್ತದೆ. ಆದರೆ ತಡವರಿಸುವ ಜಾಗದಲ್ಲಿ ಅದು ಮಗುವಿಗೋಸ್ಕರ ನಿಲ್ಲುವುದಿಲ್ಲ.

ಬೇರೆ ಕಡೆಯ ಅನುಭವವೂ ಇದೇ. ಪೆರು ದೇಶದಲ್ಲಿ ಹಳ್ಳಿ ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಹಂಚಿದರು. 319 ಶಾಲೆಗಳನ್ನು ಹೋಲಿಸಿ ನೋಡಿದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಏರಿದ ಗುರುತು ಸಿಗಲಿಲ್ಲ. ಅದೇ ನಮ್ಮ ಗುಜರಾತಿನ ವಡೋದರಾದಲ್ಲಿ 4ನೇ ತರಗತಿಯ ಮಕ್ಕಳು ಇಬ್ಬಿಬ್ಬರು ಒಂದು ಕಂಪ್ಯೂಟರ್ ಮುಂದೆ ಕುಳಿತು, ವಾರಕ್ಕೆ ಎರಡು ಗಂಟೆ, ತಮ್ಮ ಮಟ್ಟಕ್ಕೆ ತಕ್ಕ ಗಣಿತದ ಆಟಗಳನ್ನು ಆಡಿದಾಗ ಅಂಕಗಳು ಚೆನ್ನಾಗಿಯೇ ಏರಿದವು. ಕಾರ್ಯಕ್ರಮ ನಿಂತ ಮೇಲೆ ಆ ಏರಿಕೆಯ ಬಹುಪಾಲು ಕರಗಿತು ಅನ್ನುವುದನ್ನೂ ಹೇಳಬೇಕು. ಅಲ್ಲಿ ತಲೆಗೊಂದು ಯಂತ್ರವಿರಲಿಲ್ಲ, ಇಬ್ಬರಿಗೆ ಒಂದಿತ್ತು. ನಿಮ್ಮ ಆರು ಕಂಪ್ಯೂಟರ್ ಕಡಿಮೆಯೇನಲ್ಲ.

ಇನ್ನು ಪಾಠಕ್ಕೆ ಬರೋಣ. 9ನೇ ತರಗತಿಯಲ್ಲಿ ವೃತ್ತದ ಪ್ರಮೇಯವಿದೆ: ಕಂಸವೊಂದು (ಪರಿಧಿಯ ಒಂದು ತುಂಡು) ಕೇಂದ್ರದಲ್ಲಿ ಉಂಟುಮಾಡುವ ಕೋನ ಪರಿಧಿಯಲ್ಲಿ ಉಂಟುಮಾಡುವ ಕೋನದ ಎರಡರಷ್ಟು. ಬೋರ್ಡಿನ ಮೇಲೆ ನಾವು ಬರೆಯುವುದು ಒಂದೇ ಚಿತ್ರ, ಮಕ್ಕಳು ಆ ಒಂದು ಚಿತ್ರವನ್ನೇ ಬಾಯಿಪಾಠ ಮಾಡುತ್ತಾರೆ. ಜಿಯೋಜಿಬ್ರಾ ಅನ್ನುವ ತಂತ್ರಾಂಶ ಉಚಿತ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಅದರಲ್ಲಿ ವೃತ್ತ ಬರೆದು, ಕೇಂದ್ರದ ಕೋನ 80 ಡಿಗ್ರಿ ಇಟ್ಟು, ಪರಿಧಿಯ ಬಿಂದುವನ್ನು ಎಳೆಯಲು ಒಬ್ಬ ಹುಡುಗನನ್ನು ಕರೆಯಿರಿ. ಎಳೆಯುವ ಮೊದಲು ಎಲ್ಲರೂ ಪುಸ್ತಕದಲ್ಲಿ ಊಹೆ ಬರೆಯಲಿ: ಕೋನ ಹೆಚ್ಚುತ್ತದೋ, ಕಡಿಮೆಯಾಗುತ್ತದೋ, ಹಾಗೇ ಇರುತ್ತದೋ? ಬಿಂದು ಎಲ್ಲಿಗೆ ಹೋದರೂ 40 ಅಲುಗುವುದಿಲ್ಲ. ಹಾಗೇ ಎಳೆಯುತ್ತ ಅವನು ಬಿಂದುವನ್ನು ಚಿಕ್ಕ ಕಂಸದ ಕಡೆಗೆ ದಾಟಿಸುತ್ತಾನೆ, ತಟಕ್ಕನೆ 140 ಬರುತ್ತದೆ. ತರಗತಿಯಲ್ಲಿ ಗದ್ದಲವೇಳುತ್ತದೆ. ನೀವು ಆಗ ಏನೂ ಹೇಳಬೇಡಿ. "140 ಎಲ್ಲಿಂದ ಬಂತು?" ಎಂದು ಬೋರ್ಡಿನ ಮೇಲೆ ಬರೆದು ಪ್ರೊಜೆಕ್ಟರ್ ಆರಿಸಿಬಿಡಿ. ಕೇಂದ್ರದ ಇನ್ನೊಂದು ಬದಿಯಲ್ಲಿ 280 ಡಿಗ್ರಿ ಇದೆ, ಅದರ ಅರ್ಧ 140 ಎಂದು ಯಾರಾದರೂ ಕಂಡುಹಿಡಿಯುತ್ತಾರೆ. ನಾಲ್ಕೂ ಮೂಲೆ ವೃತ್ತದ ಮೇಲಿರುವ ಚಕ್ರೀಯ ಚತುರ್ಭುಜದ ಪಾಠಕ್ಕೆ ಬಾಗಿಲು ಅಲ್ಲಿಂದಲೇ ತೆರೆಯುತ್ತದೆ. ಇಷ್ಟಕ್ಕೆ ಯಂತ್ರ ಬೇಕಾದದ್ದು ಏಳೆಂಟು ನಿಮಿಷ, ಯುಪಿಎಸ್ ಸಾಕು. ಉಳಿದದ್ದು ಸೀಮೆಸುಣ್ಣದ ಕೆಲಸ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮಳೆ ಲೆಕ್ಕ. ನಮ್ಮ ಜಿಲ್ಲೆಯ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ತಲೆಮಾರುಗಳದ್ದು. "ನಿನ್ನೆ ನಮ್ಮಲ್ಲಿ ಎರಡು ಇಂಚು ಇಪ್ಪತ್ತು ಸೆಂಟ್ ಆಯ್ತು, ನಿಮ್ಮಲ್ಲಿ?" ಅನ್ನುವ ಮಾತು ಸಂತೆಯಲ್ಲೂ ಕೇಳುತ್ತದೆ, ಮದುವೆ ಮನೆಯಲ್ಲೂ ಕೇಳುತ್ತದೆ (ಇಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಯಾವಾಗ ಬಿತ್ತು, ಎಷ್ಟು ಬಿತ್ತು ಅನ್ನುವುದರ ಮೇಲೆ ವರ್ಷದ ಕಾಫಿಯೇ ನಿಂತಿರುತ್ತದೆ. ನಿಮ್ಮ ಮಕ್ಕಳಲ್ಲಿ ಕೆಲವರು ತೋಟದವರ ಮನೆಯವರು, ಹಲವರು ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಯವರು, ಆದಿವಾಸಿಗಳ ಕೇರಿಗಳಾದ ಹಾಡಿಯವರೂ ಇರಬಹುದು. ಮಳೆ ಎಲ್ಲರದ್ದು.

ಮಳೆಗಾಲಕ್ಕೆ ಮುಂಚೆ ಮಕ್ಕಳ ಕೈಯಲ್ಲೇ ಮಳೆಮಾಪಕ ಮಾಡಿಸಿ. ನೇರ ಬದಿಗಳ ಬಾಟಲಿ ಸಾಕು. ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಕೂರಿಸಿದರೆ ಆಲಿಕೆಯಾಯಿತು. ತಳ ಉಬ್ಬುತಗ್ಗಾಗಿದ್ದರೆ ಬೆಣಚುಕಲ್ಲು ಹಾಕಿ, ಸೊನ್ನೆಯ ಗೆರೆಯವರೆಗೆ ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಲಿ. ಹವಾಮಾನ ಇಲಾಖೆ ಮಳೆ ಓದುವುದು ಬೆಳಿಗ್ಗೆ 8.30ಕ್ಕೆ, ನಿಮ್ಮ ಮಕ್ಕಳೂ ಅದೇ ಹೊತ್ತಿಗೆ ಓದಲಿ. ಮೊದಲ ಜಗಳ ಇಲ್ಲಿಯೇ ಏಳುತ್ತದೆ: ಬಕೆಟ್ ಇಟ್ಟರೆ ಹೆಚ್ಚು ಮಳೆ, ಲೋಟ ಇಟ್ಟರೆ ಕಡಿಮೆ ಮಳೆ ಅಲ್ಲವೇ? ದೊಡ್ಡವರೂ ತಡವರಿಸುವ ಜಾಗ ಇದು. ಬದಿ ನೇರವಾಗಿರುವ ಬಕೆಟ್, ಲೋಟ ಎರಡನ್ನೂ ಅಂಗಳದಲ್ಲಿಟ್ಟು ಮರುದಿನ ನೀರಿನ ಎತ್ತರ ಅಳೆಯಲಿ.

ಆಮೇಲೆ ಬರುತ್ತದೆ ಕಂಪ್ಯೂಟರ್. ಲಿಬ್ರೆ ಆಫೀಸ್ ಉಚಿತ, ಅದರಲ್ಲಿರುವ ಕ್ಯಾಲ್ಕ್ ನಿಮಗೆ ಬೇಕಾದ ಲೆಕ್ಕದ ಹಾಳೆ. ಅಡ್ಡಸಾಲಿಗೊಂದು ದಿನ, ಕಂಬಸಾಲಿಗೊಬ್ಬ ವಿದ್ಯಾರ್ಥಿ. ಒಂದು ಶಾಲೆಯಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಜೂನ್ ತಿಂಗಳ ಸರಾಸರಿ ತೆಗೆದಾಗ, ಅಕ್ಕಪಕ್ಕದ ಲೈನ್ ಮನೆಗಳ ಇಬ್ಬರು ಮಕ್ಕಳ ಉತ್ತರದಲ್ಲಿ ದೊಡ್ಡ ವ್ಯತ್ಯಾಸ ಬಂತು. ಒಂದೇ ಮಾಡಿನ ಕೆಳಗಿನ ಮನೆಗಳು! ಹುಡುಕಿದರೆ, ಒಬ್ಬಳು ಅಳೆಯದ ದಿನಗಳನ್ನು ಖಾಲಿ ಬಿಟ್ಟಿದ್ದಳು, ಇನ್ನೊಬ್ಬ ಅದೇ ದಿನಗಳಿಗೆ 0 ಹಾಕಿದ್ದ. ಸರಾಸರಿ ತೆಗೆಯುವಾಗ ಲೆಕ್ಕದ ಹಾಳೆ ಖಾಲಿ ಚೌಕವನ್ನು ಎಣಿಸುವುದಿಲ್ಲ, 0 ಇದ್ದರೆ ಎಣಿಸುತ್ತದೆ. "ಮಳೆ ಬರಲಿಲ್ಲ" ಮತ್ತು "ನಾನು ಅಳೆಯಲಿಲ್ಲ" ಎರಡೂ ಒಂದೇ ಅಲ್ಲ ಎಂದು ಆ ಮಕ್ಕಳು ತಾವೇ ಕಂಡುಕೊಂಡರು. ಇನ್ನೊಬ್ಬ ಎದ್ದು ನಿಂತು, "ಹಾಗಾದ್ರೆ ಸೋಮವಾರದ ನೀರಲ್ಲಿ ಭಾನುವಾರದ್ದೂ ಸೇರಿದೆಯಲ್ಲ ಸರ್?" ಅಂದ. 20 ವರ್ಷ ಸರಾಸರಿ ಪಾಠ ಮಾಡಿದ್ದೆ. ಈ ಪ್ರಶ್ನೆಯನ್ನು ಒಂದು ಮಗುವೂ ನನ್ನನ್ನು ಕೇಳಿರಲಿಲ್ಲ, ಯಾಕೆಂದರೆ ಪುಸ್ತಕದ ಅಂಕಿಗಳಲ್ಲಿ ಖಾಲಿ ಜಾಗವೇ ಇರುವುದಿಲ್ಲ.

ಆ ಒಂದು ಹಾಳೆಯಿಂದ ಎಷ್ಟು ದೂರ ಬೇಕಾದರೂ ಹೋಗಬಹುದು. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ಒಂದೇ ದಿನ ಎಂಟು ಇಂಚು ಸುರಿದರೆ ಸರಾಸರಿ ಎಲ್ಲಿಗೆ ಹಾರುತ್ತದೆ, ಮಧ್ಯಾಂಕ ಯಾಕೆ ಅಲುಗುವುದಿಲ್ಲ ಅನ್ನುವುದು ಆ ಒಂದು ಅಂಕಿ ಬದಲಿಸಿದ ಕ್ಷಣ ಕಣ್ಣಿಗೆ ಕಾಣುತ್ತದೆ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಅಂದರೆ ಸುಮಾರು 1,02,800 ಲೀಟರ್ ನೀರು. ಇದನ್ನು ಮಕ್ಕಳೇ ಲೆಕ್ಕ ಹಾಕಲಿ, ನಂಬದೆ ಮತ್ತೆ ಹಾಕಲಿ. ಇನ್ನೊಂದು ಕಂಬಸಾಲಿನಲ್ಲಿ ಮಳೆ ನಕ್ಷತ್ರ ಬರೆಸಿ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಯಾವ ಮಳೆ ಜೋರು ಎಂದು ಮನೆಯ ಅಜ್ಜ ಅಜ್ಜಿಯನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡು, ನಕ್ಷತ್ರವಾರು ಕೂಡಿಸಿ, ಅವರ ಮಾತಿನ ಜೊತೆ ಇಟ್ಟು ನೋಡಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ಆ ಅಂಕಿಯನ್ನೂ ತಂದು ಪಕ್ಕದಲ್ಲಿಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಯ ಮಕ್ಕಳು ಮಳೆಯ ಅಂಕಿಯನ್ನು ಓದಲು ಕಲಿಯುವುದು ಪರೀಕ್ಷೆಗಾಗಿ ಮಾತ್ರ ಅಲ್ಲ. ಆ ಭಾಗದಲ್ಲಿ ಮನೆ ಕಳೆದುಕೊಂಡವರ ಮಕ್ಕಳು ತರಗತಿಯಲ್ಲಿದ್ದರೆ ಕುಸಿತದ ಚಿತ್ರ, ವಿಡಿಯೋ ಹಾಕಲು ಹೋಗಬೇಡಿ. ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳಿ.

ಜೀವಶಾಸ್ತ್ರದಲ್ಲಿ ಹೃದಯದ ಪಾಠಕ್ಕೆ ವಿಡಿಯೋ ಒಳ್ಳೆಯದು, ಒಳಗಿನ ಚಲನೆಯನ್ನು ಬೇರೆ ರೀತಿ ತೋರಿಸುವುದು ಕಷ್ಟ. ಆದರೆ ಧ್ವನಿ ಬಂದ್ ಮಾಡಿ ಹಾಕಿ. ಎರಡು ನಿಮಿಷಕ್ಕೆ ನಿಲ್ಲಿಸಿ, "ಈ ರಕ್ತ ಈಗ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿ. ಎರಡನೇ ಸಲ ಒಬ್ಬ ಹುಡುಗಿ ಪರದೆಯ ಪಕ್ಕ ನಿಂತು ತನ್ನ ಮಾತಿನಲ್ಲಿ ವಿವರಣೆ ಕೊಡಲಿ. ಮಳೆಯ ಸದ್ದಿನ ತೊಂದರೆಯೂ ತಪ್ಪಿತು, ಮರುದಿನ ಬಾಯಿ ಬಿಡದ ತೊಂದರೆಯೂ ತಪ್ಪುತ್ತದೆ.

ಹಾಗೆಯೇ ಕಿಟಕಿಯಾಚೆ ಇರುವುದನ್ನು ಪರದೆಯ ಮೇಲೆ ತರಬೇಡಿ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿ ಊರೆಲ್ಲ ಘಮಘಮಿಸುವಾಗ ಪರಾಗಸ್ಪರ್ಶದ ವಿಡಿಯೋ ಹಾಕುವುದು ಬೇಡ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಒಂದೇ ತೋಟದಲ್ಲಿ ಎರಡೂ ಸಿಗುವ ಊರುಗಳಿವೆ. ಅಲ್ಲಿಗೆ ನಡೆಸಿಕೊಂಡು ಹೋಗಿ, ಒಂದು ಮೊಬೈಲಿನಲ್ಲಿ ಮಕ್ಕಳೇ ಹತ್ತಿರದಿಂದ ಫೋಟೋ ತೆಗೆಯಲಿ, ವಾಪಸ್ ಬಂದು ಆ ಫೋಟೋವನ್ನು ಪ್ರೊಜೆಕ್ಟರಿನಲ್ಲಿ ದೊಡ್ಡದು ಮಾಡಿ ಭಾಗಗಳನ್ನು ಗುರುತಿಸಲಿ. ಆಗ ಪರದೆಯ ಮೇಲಿರುವುದು ಅವರದೇ ಹೂವು.

ಆರು ಕಂಪ್ಯೂಟರಿಗೆ 28 ಮಕ್ಕಳ ತರಗತಿ ಕೂತರೆ ಒಂದಕ್ಕೆ ನಾಲ್ಕೈದು ಮಂದಿ. ಸುಮ್ಮನೆ ಬಿಟ್ಟರೆ ಮೌಸ್ ಇಡೀ ಪೀರಿಯಡ್ ಒಬ್ಬ ಹುಡುಗನ ಕೈಯಲ್ಲೇ ಇರುತ್ತದೆ, ಹುಡುಗಿಯರು ಬೆನ್ನ ಹಿಂದೆ ನಿಂತು ಇಣುಕುತ್ತಾರೆ. ಇದನ್ನು ನಾನು ಹೋದ ಶಾಲೆಗಳಲ್ಲೆಲ್ಲ ಕಂಡಿದ್ದೇನೆ, ಪ್ರತಿ ಸಲವೂ ನೋವಾಗಿದೆ. ನೀವು ನಿಯಮ ಮಾಡಿ: ಅರ್ಧ ತರಗತಿ ಯಂತ್ರದ ಮುಂದೆ, ಅರ್ಧ ತರಗತಿ ಅದೇ ಲೆಕ್ಕವನ್ನು ಪುಸ್ತಕದಲ್ಲಿ. ಮೌಸ್ ಹಿಡಿದವರು ಬಾಯಿ ಮುಚ್ಚಿರಬೇಕು, ಏನು ಒತ್ತಬೇಕೆಂದು ಪಕ್ಕದವರು ಹೇಳಬೇಕು. ಏಳು ನಿಮಿಷಕ್ಕೊಮ್ಮೆ ಕೈ ಬದಲು. ಗಡಿಯಾರ ನೋಡಿ ಗಂಟೆ ಬಡಿಯುವ ಕೆಲಸವನ್ನು ತರಗತಿಯ ಅತ್ಯಂತ ಮೌನಿ ಮಗುವಿಗೆ ಕೊಡಿ.

ಭಾಷೆಯ ವಿಷಯವನ್ನು ನೀವು ಕೇಳಿಲ್ಲ, ನಾನು ಹೇಳದೆ ಬಿಡಲಾರೆ. ನಿಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತುಳು ಮನೆಮಾತಿನ ಮಕ್ಕಳಿರುತ್ತಾರೆ. ಈಚೆಗೆ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಕ್ಕಳೂ ಇರುತ್ತಾರೆ. ಮಗು "ಅರ್ಥ ಆಯ್ತು" ಅನ್ನುವುದು ಎಷ್ಟೋ ಸಲ ಕನ್ನಡದಲ್ಲಿ ಪ್ರಶ್ನೆ ಕೇಳಲು ಹಿಂಜರಿಕೆಯಾಗಿ. ಇದಕ್ಕೆ ಸಾಧಾರಣ ಮೊಬೈಲಿನ ಧ್ವನಿಮುದ್ರಣವೇ ದೊಡ್ಡ ಸಾಧನ. ಪಾಠವಾದ ಮೇಲೆ ಮಗು ತನ್ನ ಮಾತಿನಲ್ಲಿ ಒಂದು ನಿಮಿಷ ವಿವರಿಸಲಿ, ಮೊದಲು ಮನೆಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ. ತನ್ನ ದನಿ ತಾನೇ ಕೇಳಿಸಿಕೊಂಡು ಎಲ್ಲಿ ತಪ್ಪಿತೆಂದು ಹೇಳಲಿ. ಎಲ್ಲರೆದುರು ಒಂದು ಮಾತಾಡದ ಮಗು ಫೋನಿಗೆ ಮೂರು ನಿಮಿಷ ಮಾತಾಡಿದ್ದನ್ನು ನಾನು ಕಂಡಿದ್ದೇನೆ. ಆದರೆ ಫೋನ್ ಬೇಕಾಗುವ ಮನೆಪಾಠ ಕೊಡಬೇಡಿ. ಲೈನ್ ಮನೆಗಳಲ್ಲಿ ಇರುವ ಒಂದು ಫೋನ್ ಅಪ್ಪನ ಜೇಬಿನಲ್ಲಿರುತ್ತದೆ, ರಾತ್ರಿ ಮನೆಗೆ ಬರುತ್ತದೆ. 2020ರಲ್ಲಿ ಆನ್‌ಲೈನ್ ಪಾಠದ ಹೊತ್ತಿಗೆ ಹಿಂದೆ ಉಳಿದವರು ಆ ಮನೆಗಳ ಮಕ್ಕಳೇ. ಚಂದನ ವಾಹಿನಿಯ ಸಂವೇದ ಪಾಠಗಳು ಟಿ.ವಿ. ಇದ್ದ ಮನೆಗಾದರೂ ತಲುಪಿದವು.

ನೆಟ್‌ವರ್ಕ್ ಇಲ್ಲದಿರುವುದು ನೀವು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ. ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪ್‌ನಲ್ಲಿ ಬೇಕಾದ ಪಾಠಗಳನ್ನು ಪೇಟೆಗೆ ಹೋದಾಗ ಇಳಿಸಿಕೊಂಡರೆ ಶಾಲೆಯಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತವೆ. ವಿದ್ಯುತ್ ಮಂಡಲ, ಬಲ, ಚಲನೆಗೆ ಕಂಪ್ಯೂಟರಿನಲ್ಲೇ ಮಾಡಿ ನೋಡುವ ಫೆಟ್ ಪ್ರಯೋಗಗಳಿವೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು ಮಾಡಿದ್ದು, ಕೆಲವು ಕನ್ನಡದಲ್ಲೂ ಸಿಗುತ್ತವೆ, ಇವನ್ನೂ ಇಳಿಸಿಕೊಳ್ಳಬಹುದು. ಕಿವಿಕ್ಸ್ ಅನ್ನುವ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯ ಪೂರ್ತಿ ಒಂದು ಪೆನ್‌ಡ್ರೈವ್‌ನಲ್ಲಿ ಬಂದು ಕೂರುತ್ತದೆ.

ಇನ್ನು ಆನ್ ಆಗದ ಆ ನಾಲ್ಕು ಕಂಪ್ಯೂಟರ್. ಗುಜರಿಗೆ ಹಾಕುವ ಮೊದಲು ಒಂದು ಸಲ ಬಿಚ್ಚಿಸಿ ನೋಡಿ. ನಮ್ಮ ಥಂಡಿಗೆ ಕಂಪ್ಯೂಟರಿನ ನೆನಪಿನ ಭಾಗವಾದ ರ‍್ಯಾಮ್ ಪಟ್ಟಿಯ ಹಳದಿ ಹಲ್ಲುಗಳ ಮೇಲೆ ಕಿಲುಬು ಹಿಡಿಯುತ್ತದೆ, ಯಂತ್ರ ಬೀಪ್ ಬೀಪ್ ಅಂದು ನಿಂತುಬಿಡುತ್ತದೆ. ವೈರ್ ಕಿತ್ತು, ಕಬ್ಬಿಣದ ಕವಚವನ್ನೊಮ್ಮೆ ಕೈಯಿಂದ ಮುಟ್ಟಿ, ಪಟ್ಟಿಯನ್ನು ಹೊರತೆಗೆದು ಆ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಸತ್ತೇ ಹೋಯಿತೆಂದು ಮೂಲೆಗಿಟ್ಟ ಯಂತ್ರಗಳು ಇಷ್ಟರಿಂದಲೇ ಎದ್ದು ಕೂತದ್ದನ್ನು ಹಲವು ಸಲ ನೋಡಿದ್ದೇನೆ. ದಿನಾಂಕ ಪ್ರತಿ ಸಲ ಹಳೆಯದಕ್ಕೆ ಹೋಗುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ, ಸಿಆರ್ 2032 ಎಂದು ಕೇಳಿ ತನ್ನಿ. ದಿನಾಂಕ ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್‌ಗಳೂ ತೆರೆಯುವುದಿಲ್ಲ, ನಾವು ನೆಟ್ ಹೋಗಿದೆ ಅಂದುಕೊಳ್ಳುತ್ತೇವೆ. ಪ್ಲಾಸ್ಟಿಕ್ ಹೊದಿಕೆ ಒಳಗೆ ತೇವ ಹಿಡಿದಿಡುತ್ತದೆ, ಹತ್ತಿ ಬಟ್ಟೆ ಹಾಕಿ. ರಜೆಯಲ್ಲೂ ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲವನ್ನೂ ಓಡಿಸಿದರೆ ಆ ಬಿಸಿಗೆ ತೇವ ಆರುತ್ತದೆ, ಯುಪಿಎಸ್ ಬ್ಯಾಟರಿಯೂ ಬದುಕುತ್ತದೆ. ತಿಂಗಳುಗಟ್ಟಲೆ ಖಾಲಿ ಬಿಟ್ಟ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ನೆಟ್‌ವರ್ಕ್ ಕೇಬಲ್ಲೂ ಕೀಳಬೇಕು.

ಫೋಟೋ ವಿಷಯದಲ್ಲಿ ನಿಮ್ಮ ಮುಖ್ಯ ಶಿಕ್ಷಕರೊಡನೆ ಕೂತು ಮಾತಾಡಿ. ಮಕ್ಕಳು ಪರದೆ ನೋಡುತ್ತಿರುವ ಫೋಟೋದಿಂದ ಕಲಿಕೆ ಗೊತ್ತಾಗುವುದಿಲ್ಲ. ಬದಲಿಗೆ ಮಕ್ಕಳು ಮಾಡಿದ ಮಳೆ ಲೆಕ್ಕದ ಹಾಳೆಯ ಫೋಟೋ ಹಾಕಿ, ಮಕ್ಕಳ ಮುಖ ಬೇಡ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ ಹೇಳುತ್ತದೆ. ವಾರಕ್ಕೆ ಮೂರು ಪಾಠದ ಹೊರೆ ಹೊತ್ತು ಮೂರನ್ನೂ ಕೆಡಿಸುವುದಕ್ಕಿಂತ ಚೆನ್ನಾಗಿ ಯೋಚಿಸಿದ ಒಂದು ಪಾಠ ಸಾಕು ಎಂದು ಧೈರ್ಯವಾಗಿ ಹೇಳಿ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು ಮೂರು ಸಾಲು ಬರೆಯಿರಿ: ಮಕ್ಕಳು ಎಲ್ಲಿ ತಡವರಿಸಿದರು, ಯಂತ್ರದಿಂದ ಅವರು ಏನು ಮಾಡಿದರು, ಮರುದಿನ ಪುಸ್ತಕ ಮುಚ್ಚಿ ಕೇಳಿದಾಗ ಎಷ್ಟು ಮಂದಿ ಹೇಳಿದರು. ಯಾರಾದರೂ ತಪಾಸಣೆಗೆ ಬಂದರೆ ಆ ನೋಟ್‌ಬುಕ್ ಕೊಡಿ.

ಈ ವಾರ ರಬ್ಬರ್ ಹಿಡಿದು ಆ ನಾಲ್ಕು ಯಂತ್ರಗಳನ್ನು ನೋಡಿ. ಮುಂದಿನ ವಾರ ಮಕ್ಕಳಿಗೆ ಬಾಟಲಿ ತರಲು ಹೇಳಿ. ಜೂನ್ 1ರ ಬೆಳಿಗ್ಗೆ 8.30ಕ್ಕೆ ಮೊದಲ ಓದು. ಮಳೆ ಬಾರದಿದ್ದರೆ 0 ಎಂದೇ ಬರೆಯಲಿ, ಅಳೆಯುವುದು ಮರೆತವರು ಆ ಚೌಕವನ್ನು ಖಾಲಿ ಬಿಡಲಿ.